ದೆವ್ವದ ಅಹವಾಲು

ದೆವ್ವ ಇದ್ದ ಮೇಲೆ ದೇವರೂ ಇರಲೇಬೇಕು ಎಂಬ ತರ್ಕ ನಮ್ಮ ಹಾರರ್ ಸಿನಿಮಾಗಳಿಗೆ ಬಲು ಪ್ರಿಯ. 1979ರಲ್ಲಿ ವಿಜಯ್ ನಿರ್ದೇಶಿಸಿದ ‘ನಾ ನಿನ್ನ ಬಿಡಲಾರೆ’ಯಲ್ಲಿ ಗಂಡನಿಗೆ (ಅನಂತ್ ನಾಗ್) ಕಾಮಿನಿಯ ಪ್ರೇತದ ಕಾಟ, ಹೆಂಡತಿಗೆ (ಲಕ್ಷ್ಮಿ) ಮಂತ್ರಾಲಯದ ರಾಯರಲ್ಲದೆ ಬೇರೆ ಗತಿಯಿಲ್ಲ. ಅವಳ ಭಕ್ತಿಯನ್ನು ಹಗುರವಾಗಿ ಕಾಣುವವರು ಸಂಕಟವನ್ನೇ ಅರಿಯದವರು. ಆದರೆ ಪ್ರೇತವನ್ನು ಓಡಿಸಿದ ಮಾತ್ರಕ್ಕೆ ಧರ್ಮದ ಕೆಲಸ ಮುಗಿಯಿತೇ? ನಮ್ಮ ಪರಂಪರೆ ಹಾಗೆಂದು ಒಪ್ಪಿಲ್ಲ. ಶ್ರಾದ್ಧದ ಪಿಂಡ ಪ್ರೇತವನ್ನು ಅಟ್ಟುವುದಿಲ್ಲ, ಪಿತೃಗಳ ಪಂಕ್ತಿಗೆ ಸೇರಿಸುತ್ತದೆ. ತುಳುನಾಡು ಇನ್ನೂ ಮುಂದೆ ಹೋಗುತ್ತದೆ. 1432ರಲ್ಲಿ ನಿಂತ ಕಾರ್ಕಳದ ಗೊಮ್ಮಟನಂಥದ್ದು ಇನ್ನೆಲ್ಲೂ ಏಳಬಾರದೆಂದು ಅರಸ ಶಿಲ್ಪಿಯ ಒಂದು ಕೈ, ಒಂದು ಕಾಲು ಕಡಿಸಿದನೆಂಬುದು ಅಲ್ಲಿನ ಐತಿಹ್ಯ. ಆ ಶಿಲ್ಪಿ ಮತ್ತು ಅವನ ತಂಗಿ ಕಲ್ಕುಡ–ಕಲ್ಲುರ್ಟಿ ದೈವಗಳಾಗಿ ಇಂದಿಗೂ ಕೋಲ ಪಡೆಯುತ್ತಾರೆ. ಭಯದ ಜೊತೆಗೆ ಅನ್ಯಾಯದ ನೆನಪನ್ನೂ ಊರು ಕಾಪಾಡಿಕೊಂಡಿದೆ.

ಕ್ಯಾಥೊಲಿಕ್ ಮೆಕ್ಸಿಕೋದ ಮೊದಮೊದಲ ಹಾರರ್ ಚಿತ್ರಗಳೂ ಈ ದಾರಿಯನ್ನು ಬಲ್ಲವು. ಫೆರ್ನಾಂಡೊ ದೆ ಫುಯೆಂತೆಸ್ 1934ರಲ್ಲಿ ತೆಗೆದ ‘ಎಲ್ ಫಾಂತಾಸ್ಮಾ ದೆಲ್ ಕೊನ್ವೆಂತೊ’ದಲ್ಲಿ ಗೆಳೆಯನ ಹೆಂಡತಿಗೆ ಮನಸೋತವನೊಬ್ಬ ಪಾಳು ಮಠದಲ್ಲಿ ರಾತ್ರಿ ಕಳೆಯಬೇಕಾಗುತ್ತದೆ, ಅದೇ ಪಾಪಕ್ಕೆ ಬಿದ್ದ ಸನ್ಯಾಸಿಯೊಬ್ಬನ ಕಥೆ ಅಲ್ಲಿ ಎದುರಾಗುತ್ತದೆ. ನಿರ್ದೇಶಕರು ನೆಚ್ಚಿದ್ದು ಉದ್ದನೆಯ ಮೊಗಸಾಲೆ, ಕಲ್ಲಿನ ಗೋಡೆ, ಮೇಣದಬತ್ತಿಯ ನೆರಳುಗಳನ್ನು. ನೋಡುತ್ತ ಹೋದಂತೆ ಆ ಕತ್ತಲು ಅವನ ಎದೆಯದೇ ಅನ್ನಿಸತೊಡಗುತ್ತದೆ. ಸತ್ತ ಸನ್ಯಾಸಿ ಅವನ ಮೇಲೆ ಎರಗಬೇಕಿಲ್ಲ, ಸಾಕ್ಷಿ ನುಡಿದರೆ ಸಾಕು.

ಹಾರರ್ ಚಿತ್ರ ಬೆಚ್ಚಿಬೀಳಿಸಿದರೆ ಸಾಲದೇ, ಅದಕ್ಕೆ ನ್ಯಾಯಶಾಸ್ತ್ರದ ಹೊರೆ ಯಾಕೆ ಎನ್ನಬಹುದು. ಪಿ. ವಾಸು ಅವರ ‘ಆಪ್ತಮಿತ್ರ’ (2004) ನೋಡಿ. ಮಲಯಾಳದ ‘ಮಣಿಚಿತ್ರತಾಳ್’ ಆಧರಿಸಿದ ಈ ಚಿತ್ರ ನಾಯಕಿ ಗಂಗಾಳ ಕಾಯಿಲೆಯನ್ನು ಮನೋರೋಗವೆಂದೇ ಬಗೆಯುತ್ತದೆ. ಆದರೂ ರಾಜ ಕೊಲ್ಲಿಸಿದ ನರ್ತಕಿ ನಾಗವಲ್ಲಿಯಾಗಿ, ರಾಜನೆಂದೇ ನಂಬಿ ಅವನ ಬೊಂಬೆಯ ಮೇಲೆ ಸೇಡು ತೀರಿಸಿಕೊಂಡ ಮೇಲೆಯೇ ಗಂಗಾ ಗುಣವಾಗುವುದು. ದೆವ್ವವನ್ನು ನಂಬದ ವೈದ್ಯನಿಗೂ ದೆವ್ವದ ದೂರನ್ನು ತಳ್ಳಿಹಾಕಲು ಆಗಲಿಲ್ಲ. ಸೇಡಿಗೆ ಮಣೆ ಹಾಕುವುದು ಧರ್ಮವೇ ಎಂಬ ಆಕ್ಷೇಪ ಮೊದಲಿನದಕ್ಕಿಂತ ಗಟ್ಟಿಯಾದದ್ದು. ಸೇಡು ಸೇಡನ್ನೇ ಹೆರುತ್ತದೆ ಎಂಬುದು ನಿಜ. ಆದರೆ ನಾಗವಲ್ಲಿಯ ಕೈಗೆ ವೈದ್ಯ ಕೊಟ್ಟದ್ದು ಬೊಂಬೆಯನ್ನು. ಯಾರ ಜೀವವೂ ಹೋಗಲಿಲ್ಲ. ಅವಳನ್ನು ಕೊಂದದ್ದು ಸರಿಯೆಂದು ಯಾರೂ ಹೇಳಲೂ ಇಲ್ಲ.