ಭಾರದ್ದು ಮುಂದೆ

ಅಮೆರಿಕದ ಹೆದ್ದಾರಿಗಳಲ್ಲಿ ಒಂದೇ ಟ್ರಕ್ಕು ಎರಡು ಟ್ರೇಲರ್ ಎಳೆದುಕೊಂಡು ಹೋಗುವುದು ಮಾಮೂಲು. ತಲಾ 28 ಅಡಿ ಉದ್ದದ ಈ ಜೋಡಿಗೆ ಅಂತರರಾಜ್ಯ ಹೆದ್ದಾರಿಗಳನ್ನು ದೇಶದುದ್ದಕ್ಕೂ ತೆರೆದದ್ದು 1982ರ ಕಾಯ್ದೆ. ಸರಕೂ ಸೇರಿ ಇಡೀ ಗಾಡಿಯ ತೂಕ ಅಲ್ಲಿ ಸಾಮಾನ್ಯವಾಗಿ 80,000 ಪೌಂಡ್, ಅಂದರೆ ಸುಮಾರು 36 ಟನ್ ದಾಟುವಂತಿಲ್ಲ. ಆದರೆ ಒಟ್ಟು ತೂಕ ಸರಿಯಿದ್ದ ಮಾತ್ರಕ್ಕೆ ಹೊರಡುವ ಹಾಗಿಲ್ಲ. ಯಾವುದು ಭಾರವೋ ಅದು ಎಂಜಿನ್ನಿನ ಬೆನ್ನಿಗೆ, ಹಗುರವಾದದ್ದು ಹಿಂದೆ ಎಂದು ಚಾಲಕರ ಲೈಸೆನ್ಸ್ ಕೈಪಿಡಿಯೇ ಹೇಳುತ್ತದೆ.

ಬಾರುಕೋಲು ಬೀಸುವ ಕೈ ಆಡುವುದು ಗೇಣುದ್ದ, ತುದಿ ಹಾಯುವುದು ಮಾರುದ್ದ. ಅಡ್ಡ ಬಂದ ಜಿಂಕೆಯನ್ನು ತಪ್ಪಿಸಲು ಸ್ಟೇರಿಂಗನ್ನು ಸರಕ್ಕನೆ ಎಳೆದರೆ ಹಿಂದಿನ ಟ್ರೇಲರ್ ಮುಂದಿನದಕ್ಕಿಂತ ಜೋರಾಗಿ ತೊನೆಯುತ್ತದೆ. ಭಾರವೂ ಅಲ್ಲೇ ಇದ್ದರೆ ಮಗುಚಿತೆಂದೇ ಲೆಕ್ಕ. ಎರಡರ ನಡುವೆ ಡಾಲಿ ಎಂಬ ಪುಟ್ಟ ಚಕ್ರಗಾಡಿ ಇರುತ್ತದೆ. ಮುಂದಿನ ಟ್ರೇಲರ್‌ಗೆ ಅದು ಬರೀ ಕೊಕ್ಕೆಯಲ್ಲಿ ಸಿಕ್ಕಿಕೊಂಡಿರುವುದರಿಂದ ಹಿಂದಿನದು ವಾಲುತ್ತಿರುವುದು ಚಾಲಕನ ಮೈಗೆ ಗೊತ್ತೇ ಆಗುವುದಿಲ್ಲ. ಕನ್ನಡಿಯಲ್ಲಿ ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಜೋಡಿಸುವಾಗ ಮೊದಲು ಮುಂದಿನ ಟ್ರೇಲರ್, ಆಮೇಲೆ ಡಾಲಿ, ಕೊನೆಗೆ ಹಿಂದಿನದು. ಸರಪಳಿ, ಗಾಳಿಯ ಪೈಪು, ದೀಪದ ವೈರು ಎಲ್ಲ ಸಿಕ್ಕಿಸಿದ ಮೇಲೆ ಚಾಲಕ ಗಾಡಿಯ ಕಟ್ಟಕಡೆಗೆ ನಡೆದುಹೋಗಿ ಅಲ್ಲಿನ ವಾಲ್ವ್ ತುಸು ತಿರುಗಿಸಬೇಕು. ಬುಸ್ಸೆಂದರೆ ಬ್ರೇಕಿನ ಗಾಳಿ ಕೊನೆಯವರೆಗೂ ಬಂದಿದೆ. ಸದ್ದಿಲ್ಲವೆಂದರೆ ಆ ಟ್ರೇಲರ್‌ನ ಬ್ರೇಕನ್ನು ನಂಬುವ ಹಾಗಿಲ್ಲ. ಬಿಚ್ಚುವಾಗಲೂ ಅಷ್ಟೆ: ಡಾಲಿ ಇನ್ನೂ ಹಿಂದಿನ ಟ್ರೇಲರ್‌ನ ಅಡಿಯಲ್ಲಿದ್ದಾಗಲೇ ಕೊಕ್ಕೆ ತೆಗೆದರೆ ಅದರ ಮೂಕಿ ಮೇಲಕ್ಕೆ ಚಿಮ್ಮಿ ಆಳಿಗೇ ಬಡಿಯಬಹುದು.

ಅಷ್ಟಾದರೂ ಎಡವಟ್ಟು ತಪ್ಪುವುದಿಲ್ಲ. ಸರಕು ತುಂಬುವವರು ಒಬ್ಬರು, ಓಡಿಸುವವರು ಇನ್ನೊಬ್ಬರು. ಮೈಲಿ ಲೆಕ್ಕದಲ್ಲಿ ದುಡಿಯುವವನಿಗೆ ಟ್ರೇಲರ್ ಅದಲುಬದಲು ಮಾಡುವ ಹೊತ್ತಿಗೆ ಕಾಸು ಸಿಗದಿದ್ದರೆ ಅವನೊಬ್ಬನನ್ನೇ ಬೈದು ಫಲವಿಲ್ಲ.

ನಮ್ಮ ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬು ಅರೆಯುವ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆಯುತ್ತವೆ. ಅಲ್ಲಿ ಭಾರದ್ದು ಯಾವುದು, ಹಗುರದ್ದು ಯಾವುದು ಎಂಬ ಮಾತೇ ಬರುವುದಿಲ್ಲ. ಎರಡರಲ್ಲೂ ಬಿರಿಯುವಷ್ಟು ಹೇರಿರುತ್ತಾರೆ. ಎಷ್ಟೋ ಟ್ರೇಲರ್‌ಗಳಿಗೆ ಸ್ವಂತ ಬ್ರೇಕಿಲ್ಲ, ರಾತ್ರಿ ಹಿಂದೊಂದು ಕೆಂಪು ದೀಪವೂ ಇರುವುದಿಲ್ಲ. ಪೊಲೀಸರು ರಸ್ತೆಯಲ್ಲಿ ತಡೆದು ದಂಡ ಹಾಕುವುದಕ್ಕಿಂತ ಸಕ್ಕರೆ ಕಾರ್ಖಾನೆಯವರೇ ಗೇಟಿನಲ್ಲಿ ರಿಫ್ಲೆಕ್ಟರ್ ಅಂಟಿಸಲಿ, ಹೇರು ಮಿತಿಮೀರಿದ್ದರೆ ಮುಂದಿನ ಸಲ ಬೇಡವೆನ್ನಲಿ. ತೂಕದ ಕಾಟಾ ಹೇಗೂ ಅವರ ಬಳಿಯೇ ಇದೆ.