ಜಗಲಿಯ ಹಕ್ಕು ಯಾರದು?

ಮನೆ ಕಟ್ಟಿಸುವವರು ಎಂಜಿನಿಯರರ ಮುಂದಿಡುವ ಬೇಡಿಕೆಗಳ ಪಟ್ಟಿಗೆ ಈಚಿನ ವರ್ಷಗಳಲ್ಲಿ ಹೊಸದೊಂದು ಸೇರಿದೆ. ಕೋಣೆ ಎಷ್ಟು, ಅಡುಗೆಮನೆ ಯಾವ ದಿಕ್ಕಿಗೆ ಎಂಬುದರ ಜೊತೆಗೆ, ಹೊರಗೆ ಕುಳಿತುಕೊಳ್ಳಲು ಏನು ಮಾಡಿದ್ದೀರಿ ಎಂದೂ ಕೇಳುತ್ತಾರೆ. ವೈಟ್‌ಫೀಲ್ಡ್, ವರ್ತೂರು, ಸರ್ಜಾಪುರ ರಸ್ತೆಯ ಕಡೆ ವಿಲ್ಲಾ ಮಾರುವವರ ಜಾಹೀರಾತುಗಳಲ್ಲಿ ಸಿಟ್‌ಔಟ್, ಡೆಕ್, ಟೆರೇಸ್ ಗಾರ್ಡನ್, ಜಾಲರಿ ಹೊದಿಸಿದ ವರಾಂಡ ಮುಂತಾದ ಮಾತುಗಳು ಈಗ ಸಾಮಾನ್ಯ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಕೂಡ ನಾಲ್ಕಡಿ ಬಾಲ್ಕನಿಗೆ ಪಾರಿವಾಳದ ಬಲೆ ಕಟ್ಟಿಸಿ, ಎರಡು ಕುಂಡ, ಒಂದು ಬೆತ್ತದ ಕುರ್ಚಿ ಇಟ್ಟು ಅದನ್ನೇ ತೋಟವೆಂದುಕೊಳ್ಳುತ್ತಾರೆ.

ಇದರಲ್ಲಿ ತಪ್ಪೇನೂ ಇಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವರ್ಷದ ಬಹುಪಾಲು ಸಂಜೆಗಳನ್ನು ಹೊರಗೆ ಕುಳಿತು ಕಳೆಯಬಹುದು. ಹಗಲಿಡೀ ಕಂಪ್ಯೂಟರಿನ ಎದುರು ಕುಳಿತ ಕಣ್ಣು ಹಸಿರನ್ನು ಬಯಸುವುದು ಸಹಜ. ಗಾಳಿ, ಬೆಳಕು, ಮಳೆಯ ಸದ್ದು ಇವೆಲ್ಲ ದೇವನು ಕೊಟ್ಟ ಅನುಗ್ರಹಗಳು. ಅವನ್ನು ಅನುಭವಿಸುವುದು ದುಂದುವೆಚ್ಚವಲ್ಲ. ಆದರೆ ಮನೆಯ ಹೊರಭಾಗ ಕೇವಲ ಅಲಂಕಾರದ ವಿಷಯವಲ್ಲ. ಒಳಕೋಣೆ ಪೂರ್ತಿ ನಮ್ಮದು, ಬೀದಿ ಪೂರ್ತಿ ಎಲ್ಲರದು. ಇವೆರಡರ ನಡುವಿನ ಆ ಕೆಲವು ಅಡಿ ಜಾಗ ಯಾರದು? ಪತ್ರದಲ್ಲಿ ಅದು ನಮ್ಮ ಹೆಸರಿನಲ್ಲೇ ಇರುತ್ತದೆ, ನಿಜ. ಅಲ್ಲಿ ಇತರರಿಗೂ ಒಂದು ಹಕ್ಕು ಇದೆಯೇ ಎಂಬುದು ನಮ್ಮ ಪ್ರಶ್ನೆ.

ನಮ್ಮ ಹಳೆಯ ಮನೆಗಳು ಈ ಪ್ರಶ್ನೆಗೆ ಜಗಲಿಯ ಮೂಲಕ ಉತ್ತರ ಕೊಟ್ಟಿದ್ದವು. ಬಾಗಿಲಿನ ಹೊರಗೆ, ಸೂರಿನ ಕೆಳಗೆ ಎತ್ತರಿಸಿ ಕಟ್ಟಿದ ಕಟ್ಟೆ. ದಾರಿಹೋಕ ಅಲ್ಲಿ ಕುಳಿತು ದಣಿವಾರಿಸಿಕೊಳ್ಳಲು ಅಪ್ಪಣೆ ಕೇಳಬೇಕಿರಲಿಲ್ಲ. ಬಳೆಗಾರ ಅಲ್ಲೇ ಮಲಾರ ಇಳಿಸುತ್ತಿದ್ದ. ಮಳೆ ಬಂದರೆ ಗುರುತಿಲ್ಲದವರೂ ಅಲ್ಲಿ ನಿಲ್ಲುತ್ತಿದ್ದರು. ಬಂದವರನ್ನು ಕೂರಿಸಿ ಮಾತಾಡಿಸಿದರೆ ನೆಲವೇನೂ ಕುಸಿಯದು ಎಂಬ ಅರ್ಥದಲ್ಲಿ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲೇ ಜನರನ್ನು ಚುಚ್ಚಿದ್ದರು. ಆದರೂ ಹಳೆಯದನ್ನೆಲ್ಲ ಚಿನ್ನವೆಂದು ಹೊಗಳುವುದು ಪ್ರಾಮಾಣಿಕತೆಯಾಗದು. ಎಲ್ಲರನ್ನೂ ಕೂರಿಸಿಕೊಳ್ಳುವ ಜಗಲಿಗಳು ಇರಲಿಲ್ಲ. ಕೆಲವರು ಅಂಗಳದಲ್ಲೇ ನಿಲ್ಲಬೇಕಿತ್ತು, ಕೆಲವರು ಅಂಗಳಕ್ಕೂ ಬರುವಂತಿರಲಿಲ್ಲ. ನಮ್ಮ ಮುಸ್ಲಿಮ್ ಮನೆಗಳಲ್ಲೂ ಹೊರಗಿನ ಗಾಳಿ ಗಂಡಸರಿಗೆ, ಒಳಗಿನ ಹೊಗೆ ಹೆಂಗಸರಿಗೆ ಎಂಬಂಥ ಪರಿಸ್ಥಿತಿ ಇದ್ದದ್ದು ಸುಳ್ಳಲ್ಲ. ಆದ್ದರಿಂದ ನಾವು ಹಳೆಯ ಜಗಲಿಯನ್ನು ಹಾಗೆಯೇ ಮರಳಿ ಕಟ್ಟಬೇಕಿಲ್ಲ. ಅದರ ಒಳಿತನ್ನು ಉಳಿಸಿಕೊಂಡು ಅನ್ಯಾಯವನ್ನು ಬಿಡಬೇಕಾಗಿದೆ.

ಇಂದು ಟೆಕ್ ಪಾರ್ಕುಗಳಿಗೆ ಹೆಸರಾದ ವೈಟ್‌ಫೀಲ್ಡ್ ಮೊದಲು ವರಾಂಡಗಳ ಊರಾಗಿತ್ತು. 1882ರಲ್ಲಿ ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜ ಒಡೆಯರ್ ಅವರು ಆಂಗ್ಲೋ-ಇಂಡಿಯನ್ನರ ನೆಲೆಗಾಗಿ ಸುಮಾರು 3,900 ಎಕರೆ ಭೂಮಿ ನೀಡಿದರು. ಆ ಸಮುದಾಯದ ಮುಂದಾಳು ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ಬಂತು. ನಡುವೆ ಎಲ್ಲರಿಗೂ ಸೇರಿದ ಬಯಲು, ಅದನ್ನು ಬಳಸಿದ ವರ್ತುಲ ರಸ್ತೆ, ರಸ್ತೆಯಾಚೆ ತೋಟಗಳ ನಡುವಿನ ಮನೆಗಳು ಎಂಬುದು ಅದರ ನಕ್ಷೆ. ಇನ್ನರ್ ಸರ್ಕಲ್ ಎಂಬ ಹೆಸರಿನಲ್ಲಿ ಆ ನಕ್ಷೆ ಇಂದಿಗೂ ಉಳಿದಿದೆ. ಬೆಂಗಳೂರಿನ ಹಳೆಯ ಬಂಗಲೆಗಳ ಮುಂಭಾಗದಲ್ಲಿ 'ಮಂಕಿ ಟಾಪ್' ಎಂದು ಕರೆಯುವ ಚೂಪು ತಲೆಯ ಮರದ ಹೊದಿಕೆಯೂ, ಓರೆಯಾಗಿ ಹೆಣೆದ ಮರದ ಪಟ್ಟಿಗಳ ಜಾಲರಿಯೂ ಇರುತ್ತಿದ್ದವು. ಇದೇ ಉಪಾಯ ಬೇರೆ ರೂಪಗಳಲ್ಲಿ ಬೇರೆ ಕಡೆಗಳಲ್ಲೂ ಇದೆ. ಕೈರೋದ ಹಳೆಯ ಮನೆಗಳಲ್ಲಿ ಅದಕ್ಕೆ ಮಶ್ರಬಿಯ್ಯ ಎನ್ನುತ್ತಾರೆ. ನಮ್ಮ ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಅರಬಿ ಅಕ್ಷರಗಳೇ ಕಲ್ಲಿನ ಜಾಲಂಧ್ರಗಳಾಗಿವೆ.

ಈ ಜಾಲರಿಗಳ ಗುಟ್ಟು ಸರಳವಾದದ್ದು. ಹೊರಗೆ ಬೆಳಕು ಹೆಚ್ಚಿದ್ದು ಒಳಗೆ ನೆರಳಿದ್ದರೆ, ಒಳಗಿನವರಿಗೆ ಹೊರಗಿನದು ಕಾಣುತ್ತದೆ, ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ. ಗಾಳಿಗೆ ಮಾತ್ರ ತಡೆಯಿಲ್ಲ. ರಾತ್ರಿ ಒಳಗೆ ದೀಪ ಹಚ್ಚಿದಾಗ ಇದು ತಿರುಗುಮುರುಗಾಗುತ್ತದೆ. ಆದ್ದರಿಂದ ವರಾಂಡಕ್ಕೆ ಜಾಲರಿ ಹಾಕಿಸುವವರು ಪ್ರಖರವಾದ ದೀಪವನ್ನು ಜಾಲರಿಯ ಹೊರಗೆ, ಮೆಟ್ಟಿಲಿನ ಕಡೆಗೆ ಇಡುವುದು ಒಳ್ಳೆಯದು. ಒಳಗಿನವರಿಗೆ ಮರೆ, ಬರುವವರಿಗೆ ಬೆಳಕು ಎರಡೂ ಸಿಗುತ್ತವೆ.

ಮರೆ ಬೇಕೆನ್ನುವುದು ಅಹಂಕಾರವಲ್ಲ, ಅದು ಹಕ್ಕು. ಅನುಮತಿ ಪಡೆಯದೆ, ಸಲಾಮ್ ಹೇಳದೆ ಅನ್ಯರ ಮನೆಯನ್ನು ಪ್ರವೇಶಿಸಬಾರದೆಂದು ಪವಿತ್ರ ಕುರ್‌ಆನ್ (24:27) ವಿಧಿಸುತ್ತದೆ. ಹಿಂದಿರುಗಿ ಎಂದರೆ ಬೇಸರಿಸದೆ ಹಿಂದಿರುಗಬೇಕು ಎಂಬುದು ಅದರ ಮುಂದಿನ ಸೂಕ್ತದ ಆದೇಶ. ಪ್ರವಾದಿ ಮುಹಮ್ಮದ್(ಸ)ರು ಯಾರದಾದರೂ ಮನೆಗೆ ಹೋದರೆ ಬಾಗಿಲಿಗೆ ನೇರವಾಗಿ ನಿಲ್ಲದೆ ಬಲಕ್ಕೋ ಎಡಕ್ಕೋ ಸರಿದು ನಿಲ್ಲುತ್ತಿದ್ದರೆಂದು ಹದೀಸ್ ಗ್ರಂಥದಲ್ಲಿದೆ. ಆ ಕಾಲದ ಮನೆಬಾಗಿಲುಗಳಿಗೆ ಪರದೆ ಇರಲಿಲ್ಲವೆಂಬ ಕಾರಣವೂ ಅಲ್ಲೇ ಇದೆ. ಪರದೆ ಇಲ್ಲದ ಕಡೆ ಬಂದವರ ಸಭ್ಯತೆಯೇ ಪರದೆಯಾಗಿತ್ತು. ಬೆಂಗಳೂರಿನ ಮೂವತ್ತು-ನಲವತ್ತು ಸೈಟುಗಳಲ್ಲಿ ಎದುರುಮನೆಯ ಕಿಟಕಿ ಕೈಗೆಟಕುವಷ್ಟು ಹತ್ತಿರ. ಅಂಥ ಕಡೆ ಇಟ್ಟಿಗೆಯ ಜಾಲಿ, ಬಿದಿರಿನ ಚಿಕ್ ಪರದೆ, ಹಬ್ಬಿಸಿದ ಮಲ್ಲಿಗೆ ಬಳ್ಳಿ ಇವು ಯಾರ ಮೇಲಿನ ದ್ವೇಷವೂ ಅಲ್ಲ. ಮನೆಯ ಹೆಣ್ಣುಮಕ್ಕಳು ಯಾರ ನೋಟಕ್ಕೂ ಅಂಜದೆ ಗಾಳಿಗೆ ಕುಳಿತು ಓದುವಂತಾದರೆ, ಆ ಜಾಲರಿ ತನ್ನ ಕೆಲಸ ಮಾಡಿತು. ಹೆಣ್ಣುಮಕ್ಕಳನ್ನು ಒಳಗೇ ಉಳಿಸಲಿಕ್ಕಲ್ಲ, ನೆಮ್ಮದಿಯಿಂದ ಹೊರಗೆ ಬರಲಿಕ್ಕೆ ಜಾಲರಿ ಬೇಕು.

ಜಾಲರಿಯ ಎರಡನೆಯ ಕೆಲಸ ಸೊಳ್ಳೆಯನ್ನು ತಡೆಯುವುದು. ಇಲ್ಲಿ ಒಂದು ಹಳೆಯ ಸಂಗತಿ ನೆನಪಿಸಿಕೊಳ್ಳಬಹುದು. ಮಲೇರಿಯಾದ ರೋಗಾಣುವನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಗುರುತಿಸಿದ ರೊನಾಲ್ಡ್ ರಾಸ್, ಅದಕ್ಕೂ ಮೊದಲು 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದರು. ನಿಂತ ನೀರಿಗೆ ದಾರಿ ತಪ್ಪಿಸಿದರೆ ಸೊಳ್ಳೆಯ ಕಾಟ ಇಳಿಯುತ್ತದೆ ಎಂಬುದನ್ನು ಅವರು ಗಮನಿಸಿದ್ದು ಇಲ್ಲಿಯೇ. ಜಾಲರಿ ಒಳಗಿನವರನ್ನು ಮಾತ್ರ ಕಾಯುತ್ತದೆ. ಆದರೆ ಕುಂಡದ ತಟ್ಟೆಯ ನೀರನ್ನು ಚೆಲ್ಲಿದವರು ಪಕ್ಕದ ಮನೆಯ ಮಗುವನ್ನೂ ಕಾಯುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಿನಲ್ಲಿ, ಮೊಟ್ಟೆ ಇಡುವುದು ಮನೆಯ ಸುತ್ತಲಿನ ತಿಳಿನೀರಿನಲ್ಲಿ. ಹೂಕುಂಡದ ಕೆಳಗಿನ ತಟ್ಟೆ, ಅಲಂಕಾರಕ್ಕೆ ಇಟ್ಟ ಕಲ್ಲಿನ ಬಾನಿ, ತಾರಸಿಯ ಮೇಲೆ ಬಿದ್ದ ಟಯರು ಇವೆಲ್ಲ ಅದಕ್ಕೆ ತೊಟ್ಟಿಲುಗಳು. 2024ರಲ್ಲಿ ಕರ್ನಾಟಕ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಡುವವರಿಗೆ ದಂಡವನ್ನೂ ವಿಧಿಸಿತು. ಸಾವಿರಾರು ರೂಪಾಯಿಯ ಸ್ಟೀಲ್ ಮೆಶ್ ಹಾಕಿಸಿ, ಅದರ ಹೊರಗಿನ ಕುಂಡಗಳಲ್ಲಿ ಸೊಳ್ಳೆ ಸಾಕುವ ಮನೆಯನ್ನು ನಾವು ಏನೆಂದು ಕರೆಯೋಣ? ತನ್ನ ಕೆಡುಕಿನಿಂದ ನೆರೆಯವನು ಸುರಕ್ಷಿತನಲ್ಲದಿದ್ದರೆ ಅಂಥವನ ವಿಶ್ವಾಸ ಪೂರ್ಣವಲ್ಲ ಎಂಬ ಪ್ರವಾದಿ ಬೋಧನೆ ಈ ಸಣ್ಣ ತಟ್ಟೆಗೂ ಅನ್ವಯಿಸುತ್ತದೆ.

ಮೂರನೆಯದು ದಾರಿಯ ಹಕ್ಕು. ಬೀದಿಬದಿಯಲ್ಲಿ ಕೂರಬೇಡಿ ಎಂದು ಪ್ರವಾದಿ(ಸ)ರು ಹೇಳಿದಾಗ, ಕುಳಿತು ಮಾತಾಡಲು ತಮಗೆ ಬೇರೆ ಜಾಗವಿಲ್ಲವೆಂದು ಸಹಾಬಿಗಳು ಅರಿಕೆ ಮಾಡಿಕೊಂಡರು. ಹಾಗಾದರೆ ದಾರಿಗೆ ಅದರ ಹಕ್ಕನ್ನು ಸಲ್ಲಿಸಿ ಎಂದು ಅವರು ಹೇಳಿ, ಆ ಹಕ್ಕುಗಳನ್ನೂ ವಿವರಿಸಿದರು: ದೃಷ್ಟಿ ತಗ್ಗಿಸುವುದು, ಯಾರಿಗೂ ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಬೋಧಿಸಿ ಕೆಡುಕನ್ನು ತಡೆಯುವುದು. ಈಗ ನಮ್ಮ ಬಡಾವಣೆಗಳನ್ನು ನೋಡಿ. ಕಾರು ಹತ್ತಿಸಲು ಗೇಟಿನಿಂದ ರಸ್ತೆಯವರೆಗೆ ಕಾಂಕ್ರೀಟಿನ ಇಳಿಜಾರು, ಫುಟ್‌ಪಾತಿನ ಮೇಲೆ ಬೇಲಿ ಹಾಕಿ ಬೆಳೆಸಿದ ಗಿಡಗಳು, ಬೇರೆಯವರ ಗಾಡಿ ನಿಲ್ಲಬಾರದೆಂದು ಇಟ್ಟ ಸಿಮೆಂಟ್ ಕುಂಡಗಳು. ತೋಟ ಸುಂದರವೇ, ಆದರೆ ಅಜ್ಜಿಯೊಬ್ಬಳು ಫುಟ್‌ಪಾತ್ ಬಿಟ್ಟು ಬಸ್ಸು-ಟ್ಯಾಂಕರ್‌ಗಳ ನಡುವೆ ನಡೆಯಬೇಕಾಗುತ್ತದೆ. ದಾರಿಯ ಮುಳ್ಳನ್ನು ತೆಗೆಯುವುದು ಈಮಾನಿನ ಒಂದು ಶಾಖೆ ಎಂದು ನಂಬುವ ನಾವು, ದಾರಿಯಲ್ಲಿ ಮುಳ್ಳಿಲ್ಲದ ಗುಲಾಬಿ ನೆಟ್ಟರೂ ಅದು ಅಡ್ಡಿಯೇ. ಹೊರಾಂಗಣ ಬೇಕಾದವರು ತಮ್ಮ ಸೈಟಿನೊಳಗೆ ಬಿಟ್ಟುಕೊಂಡು ಕಟ್ಟಲಿ.

ಇನ್ನು, 'ಹೊರಾಂಗಣ ಬದುಕು' ಎಂಬ ಮಾತಿಗೆ ಇದೇ ಊರಿನಲ್ಲಿ ಬೇರೊಂದು ಅರ್ಥವೂ ಇದೆ. 1970ರ ದಶಕದಲ್ಲಿ ಬೆಳೆಯತೊಡಗಿದ ಪೀಣ್ಯ ಕೈಗಾರಿಕಾ ಪ್ರದೇಶದ ಸುತ್ತ ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರಗಳಲ್ಲಿ ಸಾಲುಸಾಲು ಸಿಂಗಲ್ ರೂಮುಗಳಿವೆ. ಅದೇ ದಶಕದಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಹುಟ್ಟಿದ ಎಲೆಕ್ಟ್ರಾನಿಕ್ ಸಿಟಿಯ ಹಿಂಬದಿಯಲ್ಲೂ ಅಂಥವೇ ಕೋಣೆಗಳು. ಲೇತ್ ಮೆಷಿನ್ನಿನವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಸೆಕ್ಯುರಿಟಿಯವರು, ಡೆಲಿವರಿ ಹುಡುಗರು ಇಲ್ಲಿ ಬಾಡಿಗೆಗಿದ್ದಾರೆ. ಇವರೂ ಹೊರಗೆ ಬದುಕುತ್ತಾರೆ. ಪಾತ್ರೆ ತೊಳೆಯುವುದು, ಮಗುವಿಗೆ ಉಣಿಸುವುದು, ಸೆಕೆಯ ರಾತ್ರಿ ಮಲಗುವುದು ಪ್ಯಾಸೇಜಿನಲ್ಲಿ, ಮೆಟ್ಟಿಲಿನಲ್ಲಿ, ತಾರಸಿಯಲ್ಲಿ. ನಲ್ಲಿ ನೀರು ದಿನವೂ ಬರುವುದಿಲ್ಲವಾದ್ದರಿಂದ ಡ್ರಮ್ಮಿನಲ್ಲಿ ತುಂಬಿಡುತ್ತಾರೆ. ಆ ನೀರನ್ನು ಚೆಲ್ಲಿ ಎಂದು ಹೇಳುವುದು ಸುಲಭ, ಚೆಲ್ಲುವುದು ಕಷ್ಟ. ಒಬ್ಬರಿಗೆ ಹೊರಾಂಗಣವೆಂದರೆ ಆಯ್ಕೆ, ಇನ್ನೊಬ್ಬರಿಗೆ ಒಳಾಂಗಣ ಸಾಲದೆ ಬಂದ ಅನಿವಾರ್ಯ. ಬಾಡಿಗೆ ಮನೆ ಕಟ್ಟಿಸುವವರು ನಮ್ಮ ಓದುಗರಲ್ಲೂ ಇದ್ದಾರೆ. ಅವರು ಒಂದು ಕೋಣೆ ಕಡಿಮೆ ಮಾಡಿ ಅಗಲವಾದ ಪ್ಯಾಸೇಜ್ ಬಿಡಲಿ, ಗೋಡೆಗೆ ಒರಗಿದಂತೆ ಕಲ್ಲುಹಾಸಿನ ಕಟ್ಟೆ ಹಾಕಿಸಲಿ, ಕಿಟಕಿಗಳಿಗೆ ಮೆಶ್, ಡ್ರಮ್ಮುಗಳಿಗೆ ಸರಿಯಾದ ಮುಚ್ಚಳ ಕೊಡಲಿ. ವಿಲ್ಲಾದ ವರಾಂಡಕ್ಕಿಂತ ದೊಡ್ಡ ವಾಸ್ತುಶಿಲ್ಪ ಅದು.

ಮನೆಗಳ ಒಳಗೆ ನಾವು ಹಾಕಿಕೊಂಡಿರುವ ಸೋಫಾದ ಹೆಸರು ಎಲ್ಲಿಂದ ಬಂತೆಂದು ಹೆಚ್ಚಿನವರು ಯೋಚಿಸುವುದಿಲ್ಲ. ಅದು ಅರಬಿಯ 'ಸುಫ್ಫ' ಎಂಬ ಪದ, ತುರ್ಕಿಯ ಮೂಲಕ ಯುರೋಪಿಗೆ ಹೋಗಿ ನಮ್ಮಲ್ಲಿಗೆ ಬಂದದ್ದು. ಜಗಲಿ, ಕಟ್ಟೆ ಎಂಬುದೇ ಅದರ ಅರ್ಥ. ಮದೀನಾದ ಪ್ರವಾದಿ ಮಸೀದಿಯಲ್ಲಿ ಖರ್ಜೂರದ ಗರಿ ಹೊದಿಸಿದ ಒಂದು ನೆರಳಿನ ಜಗಲಿ ಇತ್ತು, ಅದರ ಹೆಸರೂ ಸುಫ್ಫ. ಮನೆಮಠವಿಲ್ಲದ ಬಡ ಸಹಾಬಿಗಳು ಅಲ್ಲಿ ಇರುತ್ತಿದ್ದರು, ಕಲಿಯುತ್ತಿದ್ದರು. ಅಬೂ ಹುರೈರಾ(ರ) ಅವರಲ್ಲೊಬ್ಬರು. ಮನೆಯಿಲ್ಲದವರ ಜಗಲಿಯ ಹೆಸರನ್ನು ಹೊತ್ತ ಪೀಠ ಈಗ ನಮ್ಮ ಹಜಾರದ ಅಲಂಕಾರವಾಗಿದೆ. ಅದರ ಮೇಲೆ ಕುಳಿತು ನಾವು ಊಟ ತರಿಸುತ್ತೇವೆ, ತಂದವನು ಮಳೆಯಲ್ಲಿ ಗೇಟಿನಾಚೆ ನಿಂತಿರುತ್ತಾನೆ.

ಭದ್ರತೆಯ ಕಾಲವಿದು, ಯಾರು ಎಂಥವರೋ ಎಂದು ಕೆಲವರು ಹೇಳಬಹುದು. ಮಾತಿನಲ್ಲಿ ಹುರುಳಿದೆ. ಒಂಟಿಯಾಗಿರುವ ಮುದುಕರು, ಸಣ್ಣ ಮಕ್ಕಳ ತಾಯಂದಿರು ಬಾಗಿಲು ಹಾಕಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಯಾರನ್ನೂ ಒಳಗೆ ಕರೆಯದೆಯೇ ಜಗಲಿಯ ಹಕ್ಕನ್ನು ಸಲ್ಲಿಸಲು ಸಾಧ್ಯ. ಜಾಲರಿಯ ವರಾಂಡ ಮನೆಯವರಿಗಿರಲಿ. ಅದರ ಹೊರಗೆ, ನಮ್ಮದೇ ಜಾಗದಲ್ಲಿ, ಗೋಡೆಯನ್ನು ಎರಡಡಿ ಹಿಂದಕ್ಕೆ ಸರಿಸಿ ಬೀದಿಯ ಕಡೆಗೆ ಮುಖವಾಗಿ ಒಂದು ಕಲ್ಲುಬೆಂಚು ಹಾಕಿಸಬಹುದು. ಬೆಂಗಳೂರಿನ ಸುತ್ತಲ ಗ್ರಾನೈಟ್ ಚಪ್ಪಡಿ ಇದಕ್ಕೆ ಧಾರಾಳವಾಗಿ ಸಾಕು. ಅದರ ಮೇಲೆ ಮಳೆಯ ಎರಚಲು ತಡೆಯುವಷ್ಟು ಹಂಚಿನ ಸೂರು, ಒಂದು ದೀಪ, ಕುಡಿಯುವ ನೀರಿನ ಮುಚ್ಚಿದ ಹೂಜಿ ಅಥವಾ ನಲ್ಲಿ. ಪಶ್ಚಿಮದ ಬಿಸಿಲಿದ್ದರೆ ಹೊಂಗೆಯ ಗಿಡವೊಂದನ್ನು ಬೆಳೆಸಬಹುದು. ಅಪಾರ್ಟ್‌ಮೆಂಟಿನವರು ಸಂಘದ ಸಭೆಯಲ್ಲಿ ಈಜುಕೊಳದ ಟೈಲ್ಸಿನ ಬಗ್ಗೆ ಚರ್ಚಿಸುವ ಮುನ್ನ, ಕೆಲಸದ ಹೆಂಗಸರು, ಚಾಲಕರು, ಕಾವಲುಗಾರರು ಕೂರುವ ಜಾಗ ಎಲ್ಲಿ, ಅವರಿಗೆ ಶೌಚಾಲಯ ಇದೆಯೇ ಎಂದು ಕೇಳಲಿ. ಇವುಗಳಿಗೆ ತಗಲುವ ಖರ್ಚು ವರಾಂಡದ ಒಂದು ಆಮದು ಕುರ್ಚಿಗಿಂತ ಹೆಚ್ಚೇನಲ್ಲ.

ಸಾರು ಮಾಡುವಾಗ ನೀರು ಸ್ವಲ್ಪ ಹೆಚ್ಚಿಗೆ ಹಾಕಿ ನೆರೆಯವರನ್ನು ನೆನೆಯಬೇಕೆಂಬುದು ಪ್ರವಾದಿ(ಸ)ರ ಉಪದೇಶ. ಮನೆಯ ನಕ್ಷೆ ಬರೆಸುವಾಗಲೂ ಹಾಗೆಯೇ, ಸ್ವಲ್ಪ ನೆರಳು ಹೆಚ್ಚಿಗೆ ಹಾಕಿಸಬಹುದಲ್ಲವೇ? ಹೊರಗೆ ಕುಳಿತು ಸಂಜೆಯ ಗಾಳಿ ಸವಿಯುವ ಪ್ರತಿಯೊಬ್ಬರೂ ಒಂದು ಲೆಕ್ಕ ಮಾಡಿಕೊಳ್ಳಲಿ: ನಮ್ಮ ಹೊರಾಂಗಣ ನಮಗೆ ಎಷ್ಟು ಕೊಟ್ಟಿತು, ಹೊರಗಿನವರಿಗೆ ಎಷ್ಟು ಕೊಟ್ಟಿತು? ಎರಡನೆಯ ಅಂಕಣ ಖಾಲಿಯಿದ್ದರೆ, ನಾವು ಕಟ್ಟಿಸಿದ್ದು ಜಗಲಿಯಲ್ಲ, ಒಳಗಿನದೇ ಇನ್ನೊಂದು ಕೋಣೆ.