ಒಂದೆಳೆ ನೂಲು, ಆರು ಕುಣಿಕೆ

ಕ್ರೋಶಾ ಕಲಿಯಲು ಕುಳಿತವರ ಕೈಗೆ ಮೊದಲು ಸಿಗುವುದು ಒಂದು ಜಾರುಗಂಟು. ಅದರೊಳಗೆ ಕೊಕ್ಕೆಮೂತಿಯ ಕಡ್ಡಿ ತೂರಿಸಿ, ದಾರವನ್ನು ಕೊಕ್ಕೆಗೆ ಸಿಕ್ಕಿಸಿ ಈಚೆಗೆ ಎಳೆದರೆ ಹಳೆಯ ಕುಣಿಕೆ ಕೆಳಗೆ ಜಾರುತ್ತದೆ, ಹೊಸದೊಂದು ಕಡ್ಡಿಯ ಮೇಲೆ ಕೂರುತ್ತದೆ. ಮತ್ತೆ ಎಳೆದರೆ ಮತ್ತೊಂದು. ಹೀಗೆ ಸರಪಳಿ ಬೆಳೆಯುತ್ತದೆ. ಇಷ್ಟೇ ವಿದ್ಯೆ. ಮುಂದೆ ಬರುವ ಹೂವು, ಟೊಪ್ಪಿ, ಮೇಜಿನ ಹೊದಿಕೆ, ಬಾಗಿಲ ತೋರಣ, ಸೀರೆಯ ಕುಚ್ಚು ಎಲ್ಲವೂ ಕುಣಿಕೆಯೊಳಗಿಂದ ಕುಣಿಕೆ ಎಳೆಯುವ ಈ ಒಂದೇ ಕೆಲಸದ ವಿಸ್ತಾರ. ಇಷ್ಟು ಕಡಿಮೆಯಿಂದ ಅಷ್ಟೊಂದು ಹೇಗೆ ಹುಟ್ಟುತ್ತದೆ ಎಂಬ ಪ್ರಶ್ನೆ ಕಡ್ಡಿ ಹಿಡಿದಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ.

ಎರಡು ಕಡ್ಡಿಗಳಲ್ಲಿ ಸ್ವೆಟರ್ ಹೆಣೆಯುವಾಗ ಒಂದು ಸಾಲಿನ ಕುಣಿಕೆಗಳೆಲ್ಲ ಕಡ್ಡಿಯ ಮೇಲೆ ಸರದಿಗಾಗಿ ಕಾದಿರುತ್ತವೆ. ಕ್ರೋಶಾದಲ್ಲಿ ಹೊಲಿಗೆ ಮುಗಿದಾಗ ಕಡ್ಡಿಯ ಮೇಲೆ ಉಳಿಯುವುದು ಒಂದೇ ಕುಣಿಕೆ. ಹಿಂದಿನವೆಲ್ಲ ಒಂದರ ಕೊರಳಲ್ಲಿ ಒಂದು ಸಿಕ್ಕಿ ಭದ್ರವಾಗಿರುತ್ತವೆ. ಸಾಲಿನ ಅಂಚನ್ನು ಮೇಲಿನಿಂದ ನೋಡಿದರೆ ಬಿಗಿಯಾಗಿ ಹೆಣೆದ ಸಣ್ಣ ಜಡೆಯ ಹಾಗಿರುತ್ತದೆ. ಆ ಕೊನೆಯ ಕುಣಿಕೆಯಿಂದ ಕಡ್ಡಿ ತೆಗೆದು ದಾರ ಎಳೆದರೆ ಮಾಡಿದ್ದೆಲ್ಲ ಸರಸರನೆ ಬಿಚ್ಚಿಕೊಂಡು ಮತ್ತೆ ನೂಲಾಗುತ್ತದೆ. ಚೂರುಪಾರು ಏನೂ ಉಳಿಯುವುದಿಲ್ಲ. ಹೂವು ಇತ್ತು, ಈಗ ಇಲ್ಲ. ನೂಲು ಮಾತ್ರ ಇದ್ದಷ್ಟೂ ಇದೆ. ಹಾಗಾದರೆ ಇಷ್ಟು ಹೊತ್ತು ಕಣ್ಣೆದುರಿದ್ದ ಹೂವು ಯಾವುದರಲ್ಲಿತ್ತು? ನೂಲು ತನ್ನೊಳಗೆ ತಾನೇ ಹಾದುಹೋದ ಬಗೆಯಲ್ಲಿ ಇತ್ತು ಎನ್ನುವುದಲ್ಲದೆ ಬೇರೆ ಉತ್ತರ ನನಗೆ ತೋಚುವುದಿಲ್ಲ.

ನನಗೆ ಕಲಿಸುತ್ತಿರುವವರು ದೊಡ್ಡಮ್ಮ. ಸೀರೆಗಳಿಗೆ ಕ್ರೋಶಾ ಕುಚ್ಚು ಹಾಕುವುದು ಅವರ ಕಸುಬು. ದಾರ ಅವರ ಎಡಗೈಯ ಕಿರುಬೆರಳಿಗೆ ಒಂದು ಸುತ್ತು ಸುತ್ತಿ, ತೋರುಬೆರಳಿನ ಮೇಲೆ ಹಾದು ಕಡ್ಡಿಗೆ ಬರುತ್ತದೆ. ತೋರುಬೆರಳು ಎಳ್ಳಷ್ಟು ಎದ್ದರೆ ದಾರ ಬಿಗಿ, ಬಾಗಿದರೆ ಸಡಿಲ. ಅವರು ಮಾತಾಡುತ್ತಿರುವಾಗಲೂ ಆ ಬೆರಳು ತನ್ನ ಕೆಲಸ ಮರೆಯುವುದಿಲ್ಲ. ದುಂಡನೆಯ ಬಿಲ್ಲೆ ಹಾಕುವುದನ್ನು ಅವರು ಹೇಳಿಕೊಟ್ಟದ್ದು ಹೀಗೆ: “ಮೊದಲನೇ ಸುತ್ತು ಆರು. ಆಮೇಲೆ ಹನ್ನೆರಡು, ಹದಿನೆಂಟು, ಇಪ್ಪತ್ನಾಲ್ಕು. ಸುತ್ತಿಗೆ ಆರಾರು ಏರಿಸ್ತಾ ಹೋಗು ಮಗಾ, ಚಪ್ಪಟೆಯಾಗಿ ಕೂರುತ್ತೆ.”

“ಆರೇ ಯಾಕೆ ದೊಡ್ಡಮ್ಮಾ?”

“ಆರಾದ್ರೆ ಸರಿಹೋಗುತ್ತೆ ಕಣೇ. ನಮ್ಮಮ್ಮನೂ ಆರೇ ಹಾಕ್ತಿದ್ರು.”

ಉತ್ತರ ವೃತ್ತದೊಳಗೇ ಇದೆ. ಬಿಲ್ಲೆಗೆ ಹಾಕುವ ಗಿಡ್ಡ ಹೊಲಿಗೆ ಎಷ್ಟು ಅಗಲವೋ ಹೆಚ್ಚುಕಡಿಮೆ ಅಷ್ಟೇ ಎತ್ತರ. ಒಂದು ಸುತ್ತು ಹೆಚ್ಚಿದರೆ ಬಿಲ್ಲೆಯ ತ್ರಿಜ್ಯ ಒಂದು ಹೊಲಿಗೆಯಷ್ಟು ಬೆಳೆಯುತ್ತದೆ. ತ್ರಿಜ್ಯ ಅಷ್ಟು ಬೆಳೆದಾಗ ಪರಿಧಿ ಅದರ 6.28 ಪಟ್ಟು ಬೆಳೆಯಲೇಬೇಕು. ಕ್ರಿ.ಶ. 499ರ ಸುಮಾರಿಗೆ ಆರ್ಯಭಟ, 20,000 ವ್ಯಾಸದ ವೃತ್ತದ ಪರಿಧಿ ಸುಮಾರು 62,832 ಎಂದು ಹೇಳಿದ್ದ. ಆ ವೃತ್ತದ ತ್ರಿಜ್ಯ 10,000. ಭಾಗಿಸಿ ನೋಡಿದರೆ ಬರುವುದು 6.2832. ದೊಡ್ಡಮ್ಮನ ಆರು ಅದಕ್ಕೆ ತೀರ ಹತ್ತಿರದ ಪೂರ್ಣಸಂಖ್ಯೆ. ಮಿಕ್ಕ ಕಾಲುಭಾಗವನ್ನು ನೂಲು ತನ್ನ ಎಳೆತದಲ್ಲೇ ಸರಿದೂಗಿಸಿಕೊಳ್ಳುತ್ತದೆ. ಇಮ್ಮಡಿ ಎತ್ತರದ ಕಂಬದ ಹೊಲಿಗೆ ಹಾಕುವುದಾದರೆ ಹನ್ನೆರಡರಿಂದ ಶುರುಮಾಡಿ ಹನ್ನೆರಡು ಹನ್ನೆರಡೇ ಏರಿಸಬೇಕು. ಎತ್ತರ ಇಮ್ಮಡಿ, ಲೆಕ್ಕವೂ ಇಮ್ಮಡಿ.

ಏರಿಸುವುದನ್ನು ನಡುವೆ ನಿಲ್ಲಿಸಿದರೆ ಅಂಚು ಮೇಲೆದ್ದು ಬಟ್ಟಲಾಗುತ್ತದೆ. ಮಕ್ಕಳ ಟೊಪ್ಪಿ ಹಾಕುವುದು ಹಾಗೆಯೇ. ಬೇಕಾದ್ದಕ್ಕಿಂತ ಹೆಚ್ಚು ಏರಿಸಿದರೆ ಇನ್ನೊಂದು ಲೋಕ ತೆರೆಯುತ್ತದೆ. ಪ್ರತಿ ಹೊಲಿಗೆಯಲ್ಲೂ ಎರಡೆರಡು ಹಾಕುತ್ತ ಹೋದರೆ ಆರನೇ ಸುತ್ತಿಗೆ 192 ಹೊಲಿಗೆಗಳಾಗುತ್ತವೆ. ಚಪ್ಪಟೆ ಬಿಲ್ಲೆಗೆ ಅಲ್ಲಿ 36 ಸಾಕು. ಅಷ್ಟೊಂದು ಹೊಲಿಗೆಗೆ ಸಮತಲದಲ್ಲಿ ಜಾಗವಿಲ್ಲ. ಅಂಚು ಮೇಲಕ್ಕೂ ಕೆಳಕ್ಕೂ ಬಳುಕಿ ನೆರಿಗೆಗಟ್ಟುತ್ತದೆ. ಹಿತ್ತಲ ಕೋಳಿಜುಟ್ಟಿನ ಹೂವಿನ ಅಂಚು ಸುರುಳಿ ಸುರುಳಿಯಾಗಿ ಮಡಚಿಕೊಳ್ಳುವುದೂ ಇದೇ ಇಕ್ಕಟ್ಟಿನಿಂದ: ನಡುಭಾಗಕ್ಕಿಂತ ಅಂಚು ಬೇಗ ಬೆಳೆದಿದೆ.

ಈ ನೆರಿಗೆಗೂ ಒಂದು ರೇಖಾಗಣಿತವಿದೆ. ಒಂದು ಗೆರೆಗೆ ಅದರಾಚೆಯ ಬಿಂದುವಿನ ಮೂಲಕ ಒಂದೇ ಸಮಾಂತರ ಗೆರೆ ಎಳೆಯಬಹುದೆಂದು ನಾವು ಶಾಲೆಯಲ್ಲಿ ಕಲಿತೆವು. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ರಷ್ಯಾದ ಲೊಬಚೆವ್‌ಸ್ಕಿ ಮತ್ತು ಹಂಗೇರಿಯ ಬೊಯಾಯ್, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆಯೇ, ಅಂಥ ಗೆರೆಗಳು ಎಷ್ಟು ಬೇಕಾದರೂ ಇರಬಲ್ಲ ಒಂದು ರೇಖಾಗಣಿತವನ್ನು ಕಂಡುಕೊಂಡರು. ಅದನ್ನು ಕೈಯಲ್ಲಿ ಹಿಡಿಯುವಂತೆ ಮಾಡುವುದು ಕಷ್ಟವಾಗಿತ್ತು. ಕಾಗದದ ಮಾದರಿಗಳು ಬೇಗ ಹರಿದುಹೋಗುತ್ತಿದ್ದವು. 1997ರಲ್ಲಿ, ಲಾಟ್ವಿಯಾದಿಂದ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಬಂದಿದ್ದ ಗಣಿತಜ್ಞೆ ಡೈನಾ ತೈಮಿನಾ, ಪ್ರತಿ ಸಾಲಿನಲ್ಲೂ ಒಂದೇ ಪ್ರಮಾಣದಲ್ಲಿ ಹೊಲಿಗೆ ಏರಿಸುತ್ತ ಅದನ್ನು ಕ್ರೋಶಾದಲ್ಲಿ ಹಾಕಿದರು. ಮಡಿಸಿದರೆ ಬೀಳುವ ಮಡಿಕೆಯೇ ಆ ಮೈಮೇಲಿನ ನೇರ ಗೆರೆ. ಅದರ ಮೇಲೆ ಬೇರೆ ಬಣ್ಣದ ದಾರ ಹೊಲಿದರೆ, ಒಂದೇ ಬಿಂದುವಿನಿಂದ ಹೊರಟು ಆಚೆಯ ಗೆರೆಯನ್ನು ಎಂದೂ ಮುಟ್ಟದ ಹಲವು ಗೆರೆಗಳು ಕಣ್ಣಿಗೆ ಕಾಣುತ್ತವೆ. ಇದರಿಂದ ಪ್ರೇರಣೆ ಪಡೆದ ಆಸ್ಟ್ರೇಲಿಯಾ ಮೂಲದ ಅವಳಿ ಸೋದರಿಯರು, ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ದೈಮ್, ಸಮುದ್ರ ಕಾದು ಸೊರಗುತ್ತಿರುವ ಹವಳದ ದಿಬ್ಬಗಳಿಗಾಗಿ 2005ರಲ್ಲಿ ನೂಲಿನ ಹವಳ ಹಾಕತೊಡಗಿದರು. ಎಷ್ಟೋ ಊರುಗಳ ಹೆಂಗಸರು ಕಡ್ಡಿ ಹಿಡಿದು ಅವರ ಜೊತೆಯಾದರು.

ಇವೆಲ್ಲ ತಿಳಿದ ಮೇಲೆ ಸೀರೆಯ ಸೆರಗನ್ನು ನಾನು ನೋಡುವ ಬಗೆಯೇ ಬದಲಾಗಿದೆ. ಒಂದೊಂದು ಕಮಾನಿಗೆ ಎಷ್ಟು ಸರಪಳಿ, ಎಲ್ಲಿ ಮಣಿ ಎಂದು ಲೆಕ್ಕವಿಟ್ಟ ಬೆರಳುಗಳು ಅಲ್ಲಿ ಓಡಾಡಿವೆ. ನಿಜವಾದ ಕ್ರೋಶಾ ಹಾಕುವ ಯಂತ್ರ ಇಂದಿಗೂ ಅಂಗಡಿಯಲ್ಲಿ ಸಿಗುವುದಿಲ್ಲ. ಗೋದಾವರಿ ತೀರದ ನರಸಾಪುರದ ಲೇಸು ಆಗಲಿ, ನಮ್ಮ ಓಣಿಯ ಕುಚ್ಚು ಆಗಲಿ, ಪ್ರತಿ ಕುಣಿಕೆಯೂ ಒಬ್ಬ ಹೆಣ್ಣುಮಗಳ ಕೈಯಿಂದಲೇ ಬಂದದ್ದು. ಆ ಕುಚ್ಚಿಗೆ ಚೌಕಾಶಿ ಮಾಡಲು ನನಗಿನ್ನು ಬಾಯಿ ಬರುವುದಿಲ್ಲ.

ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸುವುದು ಆ ಆರು. ಅದನ್ನು ಯಾರೂ ಆರಿಸಿದ್ದಲ್ಲ. ಆರ್ಯಭಟ ಲೆಕ್ಕ ಹಾಕಿ ವೃತ್ತದ ಗುಟ್ಟು ಹಿಡಿದ. ದೊಡ್ಡಮ್ಮನ ಹಿಂದಿನ ಎಷ್ಟೋ ತಲೆಮಾರಿನ ಹೆಂಗಸರು ಬಿಲ್ಲೆ ಎಲ್ಲಿ ಮುದುಡಿತು, ಎಲ್ಲಿ ನೆರಿಗೆಗಟ್ಟಿತು ಎಂದು ನೋಡಿ, ಬಿಚ್ಚಿ, ಮತ್ತೆ ಹಾಕಿ ಅದೇ ಗುಟ್ಟಿನ ಬಳಿಗೆ ಬಂದರು. ಪುಸ್ತಕದ ದಾರಿಗೂ ಮಡಿಲಲ್ಲಿಟ್ಟ ನೂಲಿನ ದಾರಿಗೂ ವೃತ್ತ ಭೇದ ಮಾಡಲಿಲ್ಲ. ಗಮನವಿಟ್ಟು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟಿತು. ಜಗತ್ತು ಇಷ್ಟು ನಂಬಿಕಸ್ಥವಾಗಿದೆ ಎನ್ನುವುದು ನನಗೆ ದೊಡ್ಡ ಸಮಾಧಾನ. ಇದನ್ನು ನನ್ನ ಮಾತಿನ ಮೇಲೆ ಯಾರೂ ಒಪ್ಪಬೇಕಿಲ್ಲ. ಒಂದು ಕಡ್ಡಿ, ಒಂದು ಉಂಡೆ ದಾರ ತಂದು, ಐದು ಏರಿಸಿ ನೋಡಿ, ಎಂಟು ಏರಿಸಿ ನೋಡಿ. ಸುತ್ತು ಬೆಳೆದಂತೆ ವೃತ್ತ ನಿಮಗೂ ಆರನ್ನೇ ಹೇಳುತ್ತದೆ.